ಸಿಂಕಿನ ಕೆಳಗಿನ ಗೋಡೆ

ಅವನಿಗೆ ಕುಕ್ಕರ್ ಎಂದು ಹೆಸರಿಟ್ಟವಳು ಅಕ್ಕ. ಮೊದಲು ಮುಖ ಕೆಂಪಗಾಗುತ್ತದೆ, ಆಮೇಲೆ ಮೂಗಿನಿಂದ ಬುಸುಬುಸು ಸದ್ದು ಬರುತ್ತದೆ, ಅಷ್ಟರೊಳಗೆ ಯಾರಾದರೂ ಒಲೆ ಆರಿಸದಿದ್ದರೆ ಕೂಗು. ಮನೆಯೊಳಗೆ ಹುಟ್ಟಿದ ಆ ಹೆಸರು ಅದು ಹೇಗೋ ಕೆಲಸದ ಜಾಗಕ್ಕೂ ಹೋಗಿ ಸೇರಿಕೊಂಡಿತ್ತು. ಮರಳು ಜರಡಿ ಹಿಡಿಯುವವರಿಂದ ಮೇಸ್ತ್ರಿಯವರೆಗೆ ಎಲ್ಲರಿಗೂ ಅವನು ಕುಕ್ಕರ್. ಆ ಹೆಸರು ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದನ್ನು ಕಂಡು ಹೆಸರು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಶಾಲೆಯನ್ನು ಅರ್ಧಕ್ಕೇ ಬಿಟ್ಟು ಗೋಡೆಗೆ ಗಾರೆ ಮೆತ್ತುವ ಕೆಲಸಕ್ಕೆ ಬಿದ್ದವನು. ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಅವನು ಕರಣೆ ಎಳೆದ ಗೋಡೆಗೆ ಬೆಳಕು ಬಿದ್ದರೆ ಒಂದು ಉಬ್ಬೂ ಕಾಣದು, ಒಂದು ತಗ್ಗೂ ಕಾಣದು. ಆದರೆ ಗೋಡೆ ಗೊತ್ತಿದ್ದವನಿಗೆ ಮನೆ ಗೊತ್ತು, ಮನೆ ಗೊತ್ತಿದ್ದವನಿಗೆ ಲೋಕವೆಲ್ಲ ಗೊತ್ತು ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಿದ್ದ. ಓದಿದವರೆಂದರೆ ಅವನಿಗೆ ಮೈಯೆಲ್ಲ ಉರಿ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಎದುರಿಗೆ ಬಂದರೆ, ಅವರು ದಾರಿ ಕೇಳಿದರೂ ಜಗಳ ಕೇಳಿದಂತೆ ಉತ್ತರ ಕೊಡುತ್ತಿದ್ದ.

ಅವನ ಮನೆಯವರಿಗೆ ಸ್ವಂತ ಮನೆ ಬೇಕಾಗಿದ್ದದ್ದು ಅಮ್ಮನ ಮಂಡಿಯ ದೆಸೆಯಿಂದ. ಬಾಡಿಗೆ ಮನೆ ಇದ್ದದ್ದು ಕಟ್ಟಡದ ತುದಿಯಲ್ಲಿ. ಲಿಫ್ಟ್ ಎಂಬುದು ಕಟ್ಟಿದವರ ತಲೆಗೆ ಹೊಳೆದಿರಲಿಲ್ಲ. ಅಮ್ಮ ಒಂದೊಂದು ಅಂತಸ್ತಿಗೂ ನಿಂತು, ನಡುವೆ ಯಾರದೋ ಬಾಗಿಲ ಹೊರಗಿನ ಚಪ್ಪಲಿ ಗೂಡಿನ ಮೇಲೆ ಕೂತು, ಸುಧಾರಿಸಿಕೊಂಡು ಮೇಲೆ ಬರುತ್ತಿದ್ದಳು. ಆ ಮನೆಯವರು ಒಂದು ದಿನ ಗೂಡನ್ನು ಒಳಗಿಟ್ಟುಕೊಂಡರು. ಅಂದಿನಿಂದ ಅಮ್ಮ, ಹೊಸ ಮನೆ ನೋಡುವುದಕ್ಕಲ್ಲದೆ, ಕೆಳಗಿಳಿಯುವುದನ್ನೇ ಬಿಟ್ಟಳು. ಬೀದಿಯನ್ನು ಕಿಟಕಿಯಿಂದಲೇ ನೋಡಿ, ಕಂಡದ್ದನ್ನು ಸಂಜೆ ಮಕ್ಕಳಿಗೆ ವರದಿ ಒಪ್ಪಿಸುತ್ತಿದ್ದಳು.

ಅಕ್ಕನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅವಳು ಮನೆ ಹುಡುಕುತ್ತಿದ್ದಳು, ಕುಕ್ಕರ್ ಬೇಡವೆನ್ನುತ್ತಿದ್ದ. ಒಂದು ಮನೆಯ ಗೋಡೆಗೆ ಮೂಗು ತಾಗಿಸಿ ಮೂಸಿ, "ತೇವ" ಎಂದ. ಇನ್ನೊಂದರ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಒಳಗೆಲ್ಲ ಪೊಳ್ಳು, ಮೇಲೆ ಮಾತ್ರ ಪೌಡರ್ ಬಳಿದಿದ್ದಾರೆ" ಎಂದ. ಮತ್ತೊಂದರ ಮಾಲೀಕನ ಮುಖವೇ ಸರಿಯಿಲ್ಲವೆಂದ.

"ನೀನು ಮನೆ ನೋಡೋಕೆ ಹೋಗ್ತೀಯೋ, ಜಗಳ ನೋಡೋಕೆ ಹೋಗ್ತೀಯೋ?" ಎಂದಳು ಅಮ್ಮ.

"ಮೋಸ ಹೋಗಬಾರ್ದು ಅಂತ ನೋಡ್ತೀನಮ್ಮ. ನಾನಿಲ್ದಿದ್ರೆ ನಿಮ್ಮಿಬ್ಬರಿಗೂ ಯಾವನೋ ಟೋಪಿ ಹಾಕಿರ್ತಿದ್ದ."

"ಟೋಪಿ ಹಾಕಿದ್ರೂ ಪರವಾಗಿಲ್ಲ ಕಣೋ, ಮೆಟ್ಟಿಲಿಲ್ದೆ ಇದ್ರೆ ಸಾಕು."

ಕೊನೆಗೆ ಸಿಕ್ಕಿದ್ದು ಬಸ್ ಡ್ರೈವರ್ ಒಬ್ಬನ ಮನೆ. ಹಳೆಯದು, ಚಿಕ್ಕದು, ಬೀದಿಯ ಮಟ್ಟಕ್ಕೇ ಇತ್ತು. ಅಡುಗೆಮನೆಯನ್ನು ಮಾತ್ರ ಯಾವಾಗಲೋ ಹಿಂದುಗಡೆ ಸೇರಿಸಿ ಕಟ್ಟಿದ್ದರು. ಡ್ರೈವರ್ ತಮ್ಮನ ಊರಿಗೆ ಹೋಗಿ ನೆಲೆಸುವವನಿದ್ದ. ಅಮ್ಮ ಗೇಟಿನಿಂದ ಅಡುಗೆಮನೆಯ ತನಕ ಎಲ್ಲೂ ನಿಲ್ಲದೆ ನಡೆದುಹೋದಳು. ವಾಪಸ್ ಬಂದು ಚಿಕ್ಕ ಕೋಣೆಯ ಕಿಟಕಿಯ ಬಳಿ ನಿಂತು, "ನನ್ನ ಮಂಚ ಇಲ್ಲಿ" ಎಂದಳು. ಅದುವರೆಗೆ ನೋಡಿದ ಯಾವ ಮನೆಯಲ್ಲೂ ಅವಳು ಮಂಚದ ಮಾತೆತ್ತಿರಲಿಲ್ಲ.

ಕುಕ್ಕರ್ ಕೂಡ ಗೋಡೆ ತಟ್ಟಿ ನೋಡಿ ಸುಮ್ಮನಾದ. ಸುಮ್ಮನಾಗುವುದು ಅವನ ಭಾಷೆಯಲ್ಲಿ ಹೊಗಳಿಕೆ.

ಇನ್ನು ಉಳಿದದ್ದು ಸರ್ವೆ. ಜಮೀನು ಅಳೆಯುವ ಸರ್ವೆಯಲ್ಲ, ಕೊಳ್ಳುವ ಮುಂಚೆ ಮನೆಯ ನಾಡಿ ಹಿಡಿದು ರೋಗ ಹೇಳುವ ಸರ್ವೆ. ಅದನ್ನು ಮಾಡಿಕೊಡುವ ಕಚೇರಿಗೆ ಅಕ್ಕ ಅವನನ್ನೂ ಎಳೆದುಕೊಂಡು ಹೋದಳು. ಮೇಜಿನ ಹಿಂದಿದ್ದ ಗುಮಾಸ್ತನ ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಕುಕ್ಕರ್ ಕೂರುವ ಮುಂಚೆಯೇ ಬಿಸಿಯಾದ.

"ಮೂರು ಥರ ಇದೆ," ಎಂದ ಗುಮಾಸ್ತ. "ಒಂದು, ಬ್ಯಾಂಕಿನವರು ಸಾಲ ಕೊಡೋ ಮುಂಚೆ ನೋಡೋದು. ಇನ್ನೊಂದು, ಕಣ್ಣಿಗೆ ಕಾಣೋದನ್ನೆಲ್ಲ ನೋಡಿ ಹೇಳೋದು. ಮೂರನೇದು, ಅಟ್ಟ ಹತ್ತಿ, ಮೋರಿ ಇಣುಕಿ, ಗೋಡೆಗೆ ತೇವದ ಮೀಟರ್ ಹಿಡಿದು, ತಲೆಯಿಂದ ಕಾಲಿನ ತನಕ ನೋಡೋದು. ನಿಮ್ಮದು ಹೊಸ ಮನೇನಾ ಹಳೇದಾ?"

"ಹಳೇದು," ಎಂದಳು ಅಕ್ಕ. "ಅಡುಗೆಮನೆ ಆಮೇಲೆ ಸೇರಿಸಿದ್ದು."

"ಹಾಗಾದ್ರೆ ಮೂರನೇದು."

"ಯಾವುದು ದುಬಾರಿಯೋ ಅದೇ ನಮಗೆ ಸರಿ ಅಂತ ಹೇಳೋಕೇ ತಾನೆ ಇವರಿಗೆ ಸಂಬಳ," ಎಂದ ಕುಕ್ಕರ್. "ಬ್ಯಾಂಕಿನೋರು ಹೇಗೂ ಬರ್ತಾರಲ್ಲ. ಅಷ್ಟು ಸಾಕು."

ಗುಮಾಸ್ತನಿಗೆ ಇಂಥವರು ದಿನಕ್ಕೊಬ್ಬರಾದರೂ ಸಿಗುತ್ತಿದ್ದರೆಂದು ಕಾಣುತ್ತದೆ. ನಿಧಾನವಾಗಿ ಹೇಳಿದ: "ಬ್ಯಾಂಕಿನವರು ನೋಡೋದು ಅವರ ಸಾಲ ವಾಪಸ್ ಬರುತ್ತಾ ಅಂತ. ನಿಮ್ಮ ಚಾವಣಿ ಸೋರುತ್ತಾ ಅಂತ ಅಲ್ಲ. ಹೊಸ ಫ್ಲ್ಯಾಟ್ ಆಗಿದ್ರೆ ನಾನೇ ಎರಡನೇದು ಸಾಕು ಅಂತಿದ್ದೆ."

"ಮಿಕ್ಕಿದ್ದು ನಾನು ನೋಡ್ಕೋತೀನಿ. ಗೋಡೆ ಮುಟ್ಟಿದ್ರೆ ಸಾಕು, ಅದರ ಹಣೆಬರಹ ಹೇಳ್ತೀನಿ."

"ನಮ್ಮ ಹಣೆಬರಹಕ್ಕೆ ಮೂರನೇದೇ ಬರ್ಕೊಳ್ಳಿ," ಎಂದು ಅಕ್ಕ ಗುಮಾಸ್ತನಿಗೆ ಹೇಳಿದಳು.

ಬೀದಿಗೆ ಬಂದ ಮೇಲೆ ಕುಕ್ಕರ್ ಕೂಗಿದ್ದು ಎದುರಿನ ಸೈಕಲ್ ಅಂಗಡಿಯವರೆಗೆ ಕೇಳಿಸಿತು. ಇಷ್ಟು ವರ್ಷ ಗೋಡೆಗಳ ಜೊತೆಯೇ ಬಾಳಿದವನಿಗಿಂತ, ಎಲ್ಲಿಂದಲೋ ಬಂದು ಮೀಟರ್ ಹಿಡಿಯುವವರೇ ಮೇಲಾದರಾ? ಮನೆಯಲ್ಲಿ ತನ್ನ ಮಾತಿಗೆ ಕಾಸಿನ ಬೆಲೆ ಇಲ್ಲವಾ?

"ಇದೆ," ಎಂದಳು ಅಕ್ಕ. "ಅದಕ್ಕೇ ಇಷ್ಟು ದಿನ ಮನೆ ಸಿಕ್ಕಿಲ್ಲ."

ಅವನು ಮಾಡಿದ ಉಪಾಯವನ್ನು ಈಗ ಅವನೇ ನಾಲ್ಕು ಜನರ ನಡುವೆ ನಗುತ್ತಾ ಹೇಳುತ್ತಾನೆ. ಆ ಸಂಜೆ ತನ್ನ ತಲೆಬುರುಡೆಯೊಳಗೆ ಜರಡಿ ಹಿಡಿಯದ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ ಎನ್ನುತ್ತಾನೆ. ಉಪಾಯವೇನೋ ಸಣ್ಣದೇ. ಸರ್ವೆಗೆ ಬರುವವರಿಗೆ ತಾನೇ ಒಂದು ಪರೀಕ್ಷೆ ಇಡಬೇಕು. ಗೋಡೆಯಲ್ಲಿ ಒಂದು ಕಡೆ ಅಗೆದು, ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಬಿಡಬೇಕು. ಅವರು ಮೀಟರು ಗೀಟರು ಹಿಡಿದು ಮನೆಯೆಲ್ಲ ಸುತ್ತಿ, "ಎಲ್ಲ ಸರಿಯಾಗಿದೆ" ಎಂದು ಹೊರಡುವಾಗ ತಾನು ಮುಂದೆ ಬಂದು, "ಇದನ್ನ ನೋಡಿದ್ರಾ?" ಎನ್ನಬೇಕು. ಅಲ್ಲಿಗೆ ಅಕ್ಕನ ಬಾಯಿಗೆ ಬೀಗ.

ಮಾರನೆಯ ದಿನವೇ ಕುಕ್ಕರ್ ಹೋಗಿ ಡ್ರೈವರನ ಮನೆಯ ಬಾಗಿಲು ತಟ್ಟಿದ. "ಪರದೆ ಹಾಕೋಕೆ ಕಿಟಕಿ ಅಳತೆ ಬೇಕಿತ್ತು."

"ಬನ್ನಿ ಬನ್ನಿ," ಎಂದ ಡ್ರೈವರ್, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ. "ನನಗೆ ಡ್ಯೂಟಿ ಟೈಮಾಯ್ತು. ನೀವು ನಿಧಾನವಾಗಿ ಅಳ್ಕೊಳ್ಳಿ. ನಿಮ್ಮ ಮನೆ ಅಂತಾನೇ ಅಂದ್ಕೊಳ್ಳಿ. ಹೋಗ್ವಾಗ ಬಾಗಿಲು ಎಳ್ಕೊಂಡ್ರೆ ಆಯ್ತು."

ಇಷ್ಟು ನಂಬಿಕೆ ಇಟ್ಟವನ ಮನೆಯಲ್ಲಿ ಕುಕ್ಕರ್ ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಒಳಗೆ ತಲೆ ತೂರಿಸಿದ. ಮೊದಲು ಅಲ್ಲಿದ್ದ ನೀರಿನ ವಾಲ್ವ್ ಬಂದ್ ಮಾಡಿದ. ಎಷ್ಟು ಕಾಲದಿಂದ ಯಾರೂ ತಿರುಗಿಸದ ವಾಲ್ವ್, ಕೀರೆಂದು ಬೈದುಕೊಂಡೇ ತಿರುಗಿತು. ಉಳಿಯಿಂದ ಅಂಗೈಯಷ್ಟು ಜಾಗ ಅಗೆದ. ಒಳಗಿನ ಇಟ್ಟಿಗೆ ಬಿಸ್ಕತ್ತಿನಷ್ಟು ಒಣಗಿತ್ತು. 'ನೋಡಿದ್ಯಾ, ಗೋಡೆ ಭೇಷಾಗಿದೆ, ಇದನ್ನ ಹೇಳೋಕೆ ಮೂರನೇ ನಂಬರಿನ ಸರ್ವೆ ಬೇಕಾ' ಎಂದು ಸಿಂಕಿನ ಕೊಳವೆಗೆ ಹೇಳಿದ. ಆಮೇಲೆ ಊಟದ ಡಬ್ಬಿಯಲ್ಲಿ ತಂದಿದ್ದ ಗಾರೆಯನ್ನು ತುಂಬಿ, ಮಟ್ಟ ಮಾಡಿ, ಒದ್ದೆ ಸ್ಪಂಜಿನಿಂದ ಉಜ್ಜಿ, ಹಳೆಯ ಸುಣ್ಣದ ಬಣ್ಣಕ್ಕೆ ಸರಿಹೊಂದುವಂತೆ ಬಿಳಿ ಸಿಮೆಂಟಿಗೆ ಚೂರು ಮಣ್ಣು ಬೆರೆಸಿ ಬಳಿದ. ಬದುಕಿನಲ್ಲಿ ಅಷ್ಟು ಸೊಗಸಾದ ಕೆಲಸವನ್ನು ಅವನು ಇನ್ನೊಂದು ಮಾಡಿರಲಿಲ್ಲ. ಸ್ವಲ್ಪ ಹಿಂದೆ ಸರಿದು ನೋಡಿದ. ಸಿಂಕಿಗೆ ತಲೆ ಬಡಿಯಿತು. ನೋವೂ ಗೊತ್ತಾಗದಷ್ಟು ಹಿಗ್ಗಿದ್ದ. ವಾಲ್ವನ್ನು ವಾಪಸ್ ತಿರುಗಿಸಿ, ಕೈ ಒರೆಸಿಕೊಂಡು, ಬಾಗಿಲು ಎಳೆದುಕೊಂಡು ಬಂದ. ಕಿಟಕಿಯ ಅಳತೆ ತೆಗೆದುಕೊಳ್ಳುವುದು ಮರೆತೇ ಹೋಗಿತ್ತು.

ಒತ್ತಾಯದಿಂದ ತಿರುಗಿಸಿದ ಆ ವಾಲ್ವ್ ಅವನು ಹೋದ ಮೇಲೆ ತೊಟ್ಟು ತೊಟ್ಟಾಗಿ ಸೋರತೊಡಗಿತು. ಅದು ಅವನಿಗೆ ಗೊತ್ತಿರಲಿಲ್ಲ, ಡ್ರೈವರಿಗೂ ಗೊತ್ತಿರಲಿಲ್ಲ.

ಸರ್ವೆಯ ದಿನ ಅಮ್ಮ ತಾನೂ ಬರುತ್ತೇನೆಂದಳು. ಮೆಟ್ಟಿಲಿಳಿದು, ಆಟೋ ಹತ್ತಿ, ಬಂದವಳೇ ಚಿಕ್ಕ ಕೋಣೆಗೆ ಹೋಗಿ ಗೋಡೆಯ ಉದ್ದವನ್ನು ಗೇಣು ಹಾಕಿ ಅಳೆಯಲು ಕೂತಳು. ಸರ್ವೆಗೆ ಬಂದವಳು ಕುಳ್ಳಗಿನ, ನಡುವಯಸ್ಸಿನ ಹೆಂಗಸು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಕುತ್ತಿಗೆಯಲ್ಲಿ ಚೀಟಿ ಇರಲಿಲ್ಲ. ಸಿಟ್ಟಾಗಲು ಸರಿಯಾದ ಕಾರಣವೇ ಸಿಗದೆ ಕುಕ್ಕರ್ ಪೆನ್ಸಿಲ್ಲಿನ ಮೇಲೆ ಸಿಟ್ಟಾದ.

ಆ ಸರ್ವೆ ಮೇಡಂ ಮೊದಲು ಹೊರಗಿನಿಂದ ಮನೆಯನ್ನು ಎರಡು ಸುತ್ತು ಹಾಕಿದಳು. ಆಮೇಲೆ ಕೋಣೆ ಕೋಣೆ ನೋಡಿದಳು. ಕುಕ್ಕರ್ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈ ಕಟ್ಟಿ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಾ ನಿಂತಿದ್ದ. ಮೇಡಂ ನೆಲದ ಮೇಲೆ ಅಂಗಾತ ಮಲಗಿ ಸಿಂಕಿನ ಕೆಳಗೆ ತಲೆ ತೂರಿಸಿದಳು. ಕೈಯಲ್ಲಿದ್ದ ಎರಡು ಮುಳ್ಳಿನ ಪುಟ್ಟ ಯಂತ್ರವನ್ನು ಗೋಡೆಗೆ ಒತ್ತಿದಳು.

ಯಂತ್ರ ಕೀ ಎಂದು ಕೂಗಿತು.

"ಇಲ್ಲಿ ಯಾರು ಕೈಯಾಡಿಸಿದ್ದು?" ಎಂದು ಒಳಗಿನಿಂದ ದನಿ ಬಂತು.

"ಎಲ್ಲಿ?" ಎಂದ ಡ್ರೈವರ್.

"ಇಲ್ಲೇ. ಅಂಗೈಯಷ್ಟು ಜಾಗ ಅಗೆದು ಮುಚ್ಚಿದ್ದಾರೆ. ಗಾರೆ ಇನ್ನೂ ಹಸಿ. ಕೆಳಗೆ ಹಲಗೆಯೂ ನೆನೆದು ಉಬ್ಬಿದೆ." ಮೇಡಂ ಹೊರಗೆ ಬಂದು ಕೂತಳು. "ಕೈ ಮಾತ್ರ ಭಾರಿ ಒಳ್ಳೇದು. ಬರೀ ಕಣ್ಣಲ್ಲಿ ನೋಡಿದ್ರೆ ನನಗೂ ಗೊತ್ತಾಗ್ತಿರಲಿಲ್ಲ."

ಕುಕ್ಕರನ ಮುಖ ಅರಳಿತು. ಥ್ಯಾಂಕ್ಸ್ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಹಲ್ಲಿಗೆ ಬಡಿದು, ವಾಪಸ್ ಹೋಯಿತು.

"ಮನೆ ತೋರಿಸೋ ಮುಂಚೆ ಕೆಲವರು ಹೀಗೆ ಮುಚ್ಚಿಸ್ತಾರೆ," ಎಂದು ಮೇಡಂ ಅಕ್ಕನ ಕಡೆ ತಿರುಗಿದಳು. "ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋ ತನಕ ಈ ಮನೆ ತಗೊಳ್ಳಿ ಅಂತ ನಾನು ಹೇಳಲ್ಲ."

ಅರಳಿದ ಮುಖ ಅಲ್ಲೇ ಮುದುಡಿತು. ಅಕ್ಕ ಡ್ರೈವರನ ಮೇಲೆ ಏರಿ ಹೋದಳು. "ಏನ್ರೀ ಇದು? ನಿಮ್ಮನ್ನ ಎಷ್ಟು ಒಳ್ಳೆಯವರು ಅಂದ್ಕೊಂಡಿದ್ವಿ!"

"ಆ ಗೋಡೆ ನಾನು ಮುಟ್ಟೇ ಇಲ್ಲಮ್ಮ."

"ಹಾಗಾದ್ರೆ ಗೋಡೆ ತಾನೇ ಗಾರೆ ಹಚ್ಕೊಂಡು ಕೂತ್ಕೊಳ್ತಾ?"

"ದೇವರಾಣೆ ಗೊತ್ತಿಲ್ಲ," ಎಂದ ಡ್ರೈವರ್. "ಬಸ್ಸಲ್ಲಿ ಯಾರಾದ್ರೂ ಒಂದು ಕೊಡೆ ಮರೆತು ಹೋದ್ರೂ ಹುಡುಕಿ ಕೊಟ್ಟವನು ನಾನು. ನನ್ನ ಮನೇಲಿ ನಿಂತು ನನ್ನನ್ನೇ ಕಳ್ಳ ಅಂತೀರಾ? ಬೇಡ. ನಿಮಗೆ ಈ ಮನೆ ಮಾರೋದೇ ಇಲ್ಲ. ಹೊರಡಿ."

ಇಲ್ಲಿ ಕುಕ್ಕರ್ ಬಾಯಿ ತೆರೆದ. ಸತ್ಯ ಹೇಳುವುದಕ್ಕಲ್ಲ. ಒಳಗಿನ ಸತ್ಯವನ್ನು ಅಷ್ಟು ಸುಲಭಕ್ಕೆ ಹೊರಬಿಡುವ ಜಾತಿಯವನಾಗಿದ್ದರೆ ಅವನಿಗೆ ಕುಕ್ಕರ್ ಎಂಬ ಹೆಸರು ಬರುತ್ತಿರಲಿಲ್ಲ.

"ಅಕ್ಕಾ, ಇರ್ಲಿ ಬಿಡೇ," ಎಂದ. "ಸ್ವಲ್ಪ ತೇವ ತಾನೆ. ತೇವ ಯಾವ ಮನೇಲಿ ಇರಲ್ಲ? ತೇವ ಇದ್ರೆ ಬೇಸಿಗೇಲಿ ತಂಪು."

ಅಕ್ಕ ನಿಧಾನವಾಗಿ ತಿರುಗಿ, ತಮ್ಮನ ಹಣೆಯ ಮೇಲೆ ಕೈ ಇಟ್ಟು ನೋಡಿದಳು. "ಜ್ವರ ಇಲ್ವಲ್ಲ. ತೇವ ಅಂತ ಮೂಗು ಮುಚ್ಕೊಂಡು ಊರಿನ ಮನೆಗಳನ್ನೆಲ್ಲ ಬೇಡ ಅಂದವನು ನೀನೇನಾ?"

"ಮನುಷ್ಯ ಬದಲಾಗಬಾರ್ದಾ?"

"ಒಂದು ನಿಮಿಷದಲ್ಲಾ?"

ಅಷ್ಟು ಹೊತ್ತಿಗೆ ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಯಾರ ಮೇಲೂ ರೇಗಲಿಲ್ಲ. "ನಡೀರಿ ಹೋಗೋಣ," ಎಂದಷ್ಟೇ ಹೇಳಿ ಚಪ್ಪಲಿ ಹುಡುಕತೊಡಗಿದಳು. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಕುಕ್ಕರನ ಕಾಲ ಬುಡದಲ್ಲೇ ಬಿದ್ದಿತ್ತು. ಅದನ್ನು ಎಳೆದುಕೊಳ್ಳಲು ಬಗ್ಗಿದಾಗ ಅವಳ ಮಂಡಿ ಲಟಕ್ಕೆಂದಿತು.

ಆ ಸದ್ದಿಗೆ ಅವನೊಳಗಿನ ಗಾಳಿಯೆಲ್ಲ ಹೊರಟುಹೋಯಿತು.

"ಆ ಗೋಡೆ ಅಗೆದವನು ನಾನು."

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ಒಂದು ಸಲ ಹೇಳುವುದೇ ಕಷ್ಟವಾಗಿದ್ದ ಮಾತು. "ನಾನೇ ಅಗೆದು ನಾನೇ ಮುಚ್ಚಿದ್ದು. ಒಳಗೆ ಇಟ್ಟಿಗೆ ಒಣಗಿತ್ತು. ಇವರದ್ದೇನೂ ತಪ್ಪಿಲ್ಲ."

"ಮತ್ತೆ ಪರದೆ ಅಳತೆ ಅಂದ್ರಿ?" ಎಂದ ಡ್ರೈವರ್, ಇನ್ನೂ ನಂಬಲಾಗದೆ.

"ಪರದೆ ಗಿರದೆ ಏನೂ ಇಲ್ಲ."

"ಯಾಕೋ?" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಬರೀ ಆಶ್ಚರ್ಯ.

"ಇವರಿಗೆ ಗೊತ್ತಾಗುತ್ತಾ ಅಂತ ನೋಡೋಕೆ."

ಮೇಡಂ ತುರುಬಿನಿಂದ ಪೆನ್ಸಿಲ್ ತೆಗೆದು, ಅದರ ಹಿಂಬದಿಯಿಂದ ಕಿವಿಯ ಹಿಂದೆ ತುರಿಸಿಕೊಂಡಳು. "ಅಂದ್ರೆ ನನಗೆ ಪರೀಕ್ಷೆ ಇಟ್ಟಿದ್ರಾ?"

"ಹೂಂ."

"ಪಾಸಾ, ಫೇಲಾ?"

ಅವನು ನೆಲ ನೋಡಿದ. "ಪಾಸು."

ನಗಬಾರದೆಂದು ಮೇಡಂ ಮತ್ತೆ ಸಿಂಕಿನ ಕೆಳಗೆ ತಲೆ ತೂರಿಸಿದಳು. ಅಕ್ಕನ ಸಿಟ್ಟು ಆಗ ಬಂತು. ಬಂದ ಮೇಲೆ, ಅವಳ ಮುಂದೆ ಕುಕ್ಕರ್ ಬರೀ ಪಾತ್ರೆಯ ಮುಚ್ಚಳ. ಅವಳು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಮ್ಮ ಒಂದೇ ಮಾತು ಹೇಳಿದಳು: "ನಾನು ಕೂರೋಕೆ ಅಲ್ಲಿ ಒಂದು ಚಪ್ಪಲಿ ಗೂಡೂ ಇಲ್ಲ, ನಿನಗೆ ಇಲ್ಲಿ ಪರೀಕ್ಷೆ ಆಟ." ಅಕ್ಕನ ಬೈಗುಳವೆಲ್ಲ ಅವನ ಮೈ ಮೇಲಿಂದ ಜಾರಿ ಹೋಗಿತ್ತು. ಇದು ಜಾರಲಿಲ್ಲ.

ಅವನು ಡ್ರೈವರನ ಎದುರು ಹೋಗಿ ನಿಂತ. ತಪ್ಪಾಯಿತು ಎನ್ನುವುದಕ್ಕೂ ಅಭ್ಯಾಸ ಬೇಕು, ಅವನಿಗೆ ಅದಿರಲಿಲ್ಲ. "ನೀವು ನನಗೆ ಎರಡು ಬಾರಿಸಿದ್ರೆ ನನಗೂ ಸಮಾಧಾನ," ಎಂದ.

"ನನ್ನ ಕೈಗೆ ಕೆಲಸ ಇದೆ, ಹೋಗಪ್ಪ," ಎಂದ ಡ್ರೈವರ್. ಆಮೇಲೆ, "ಬಾಗಿಲು ಎಳ್ಕೊಂಡು ಹೋಗು ಅಂತ ಹೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಮೇಡಂ ಸ್ಪ್ಯಾನರ್ ಕೇಳಿ ವಾಲ್ವ್ ಬಿಗಿ ಮಾಡಿದಳು. ತೊಟ್ಟಿಕ್ಕುವುದು ನಿಂತಿತು. ಅಕ್ಕಪಕ್ಕದ ಗೋಡೆಗೆಲ್ಲ ಯಂತ್ರ ಹಿಡಿದಳು, ಅದು ಕೂಗಲಿಲ್ಲ. "ಸರಿ, ಇದು ಮನೆಯ ರೋಗ ಅಲ್ಲ, ಮನೆ ನೋಡೋಕೆ ಬಂದವರ ರೋಗ," ಎಂದು ಎದ್ದಳು. "ಇನ್ನು ಮೇಲೆ ನೋಡೋಣ. ಏಣಿ ಯಾರು ಹಿಡೀತೀರಾ?"

ಎಲ್ಲರೂ ಕುಕ್ಕರನ ಕಡೆಗೇ ನೋಡಿದರು.

ಏಣಿ ಹಿಡಿದು ನಿಂತಾಗ ಅವನಿಗೆ ಮೊದಲ ಬಾರಿಗೆ ಹೊಳೆಯಿತು: ಈ ಅಡುಗೆಮನೆಗೆ ಮೂರು ಸಲ ಬಂದರೂ ತಾನು ಒಮ್ಮೆಯೂ ಕತ್ತೆತ್ತಿರಲಿಲ್ಲ. ಅವನ ತಪಾಸಣೆಯೆಲ್ಲ ಮಂಡಿಯಿಂದ ಹಣೆಯ ಎತ್ತರದ ತನಕ, ಕರಣೆಗೆ ಎಟಕುವಷ್ಟು. ಮೇಡಂ ಚಾವಣಿಯ ಹಲಗೆಯೊಂದನ್ನು ಸರಿಸಿ, ಹಳೆಯ ಗೋಡೆಗೆ ಹೊಸ ಚಾವಣಿ ಕೂಡುವ ಕಡೆ ಸ್ಕ್ರೂಡ್ರೈವರಿನಿಂದ ತೊಲೆಯ ತುದಿ ಚುಚ್ಚಿದಳು. ಅದು ಬೆಣ್ಣೆಗೆ ಹೋದಂತೆ ಒಳಗೆ ಹೋಯಿತು. ಕುಕ್ಕರನ ತಲೆಯ ಮೇಲೆ ಕೊಳೆತ ಮರದ ಪುಡಿ ಉದುರಿತು.

"ಹೊರಗೆ ನೀರು ಹೋಗೋ ದೋಣಿ ಗೋಡೆ ಕಡೆಗೇ ವಾಲಿದೆ," ಎಂದಳು ಮೇಲಿನಿಂದ. "ಸುತ್ತು ಹಾಕ್ವಾಗಲೇ ಅನುಮಾನ ಬಂತು. ಮಳೆ ನೀರೆಲ್ಲ ಈ ತೊಲೆ ಕುಡಿದಿದೆ. ಒಂದೇ ತೊಲೆ, ಮಿಕ್ಕವು ಗಟ್ಟಿ. ಇದನ್ನ ಬದಲಾಯಿಸಿ ದೋಣಿ ಸರಿ ಮಾಡಿದ್ರೆ ಮನೆಗೆ ಏನೂ ಆಗಲ್ಲ. ಹಾಗೇ ಬಿಟ್ಟಿದ್ರೆ ಒಂದಿನ ಅಡುಗೆ ಮಾಡ್ವಾಗ ತಲೆ ಮೇಲೆ ಬರ್ತಿತ್ತು."

ಡ್ರೈವರ್ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದ. "ಇಷ್ಟು ದಿನ ಇದರ ಕೆಳಗೇ ನಿಂತು ಟೀ ಕಾಸ್ಕೊಂಡಿದೀನಲ್ಲ ನಾನು! ಇದು ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ."

"ಗೊತ್ತು ನಿಮಗೆ ಗೊತ್ತಿಲ್ಲ ಅಂತ," ಎಂದಳು ಅಕ್ಕ, ಈ ಸಲ ಮೆತ್ತಗೆ.

"ನಾನೇ ಮಾಡಿಸಿ ಕೊಡ್ತೀನಿ."

"ಅಂದ್ರೆ ಮನೆ ಕೊಡ್ತೀರಾ?" ಎಂದು ಅಮ್ಮ ಕೇಳಿದಳು. ಅವಳ ಕೈಯಲ್ಲಿ ಒಂದು ಚಪ್ಪಲಿ ಇನ್ನೂ ಹಾಗೇ ಇತ್ತು.

ಡ್ರೈವರ್ ಅವಳನ್ನು ನೋಡಿದ, ಚಪ್ಪಲಿಯನ್ನು ನೋಡಿದ. "ನಿಮಗೆ ಕೊಡ್ತೀನಮ್ಮ. ಆದ್ರೆ ನಾನು ಖಾಲಿ ಮಾಡೋ ತನಕ ಈ ಹುಡುಗ ಒಬ್ಬನೇ ಒಳಗೆ ಕಾಲಿಡಬಾರ್ದು."

"ನೀವು ಖಾಲಿ ಮಾಡಿದ ಮೇಲೂ ಇಡಲ್ಲ," ಎಂದಳು ಅಕ್ಕ.

ಅಮ್ಮ ಮಗನ ಕಡೆ ತಿರುಗಿದಳು. "ನೀನೇನಂತೀಯೋ? ತಗೊಳ್ಳೋಣ್ವಾ?"

ಇಷ್ಟಾದ ಮೇಲೂ ಅಮ್ಮ ತನ್ನನ್ನು ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಹೇಳಲು ಎಷ್ಟೋ ಮಾತುಗಳು ಅಭ್ಯಾಸಬಲದಿಂದ ಗಂಟಲಿಗೆ ಬಂದವು. ಕೂದಲಿನಿಂದ ಮರದ ಪುಡಿ ಕೊಡವಿಕೊಂಡ. "ನನಗೆ ಗೋಡೆ ಗೊತ್ತಮ್ಮ. ಗೋಡೆ ಚೆನ್ನಾಗಿದೆ. ಮಿಕ್ಕಿದ್ದು ಅವರನ್ನ ಕೇಳು," ಎಂದು ಏಣಿಯ ಮೇಲಕ್ಕೆ ಗಲ್ಲದಿಂದ ತೋರಿಸಿದ.

"ತೊಲೆ ಬದಲಾಯಿಸಿ, ತಗೊಳ್ಳಿ," ಎಂದಳು ಮೇಡಂ ಇಳಿಯುತ್ತಾ. "ಆದ್ರೆ ಸಿಂಕಿನ ಕೆಳಗೆ ಹಸಿ ಇರೋವಾಗ ನಾನು ಸರಿ ಇದೆ ಅಂತ ಸಹಿ ಹಾಕಲ್ಲ. ಒಣಗಿದ ಮೇಲೆ ಬಂದು ಇನ್ನೊಂದ್ಸಲ ಮುಳ್ಳು ಚುಚ್ಚಿ ನೋಡ್ತೀನಿ."

"ಎಷ್ಟು ದಿನ ಬೇಕು ಒಣಗೋಕೆ?" ಎಂದಳು ಅಮ್ಮ.

ಡ್ರೈವರ್ ಒಳಗೆ ಹೋಗಿ, ಸಾಮಾನು ತುಂಬಲು ಇಟ್ಟಿದ್ದ ಪೆಟ್ಟಿಗೆಯ ಒಂದು ರಟ್ಟನ್ನು ಕಿತ್ತು ತಂದು ಕುಕ್ಕರನ ಕೈಗೆ ಕೊಟ್ಟ. ಅವನು ಸಿಂಕಿನ ಬಾಗಿಲು ತೆರೆದು, ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಗಾಳಿ ಬೀಸತೊಡಗಿದ. ಚಿಕ್ಕ ಕೋಣೆಯಲ್ಲಿ ಅಮ್ಮ, ಅಕ್ಕ, ಮೇಡಂ, ಡ್ರೈವರ್ ಎಲ್ಲರೂ ಸೇರಿ ಮಂಚದ ತಲೆ ಯಾವ ಕಡೆ ಬರಬೇಕೆಂದು ವಾದ ಮಾಡುತ್ತಿದ್ದರು. ಅವನಿಗೂ ಅದರಲ್ಲಿ ಒಂದು ಅಭಿಪ್ರಾಯವಿತ್ತು. ಯಾರೂ ಕೇಳಲಿಲ್ಲ.

ರಟ್ಟು ಬೀಸಿದರೆ ಗಾರೆ ಆರುವುದಿಲ್ಲ, ಅದು ತನ್ನ ಸಮಯಕ್ಕೆ ತಾನೇ ಆರಬೇಕು ಎನ್ನುವುದು ಆ ಮನೆಯಲ್ಲಿದ್ದ ಎಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಹೇಳೋಣವೆಂದು ಒಮ್ಮೆ ಬಾಯಿ ತೆರೆದ. ಮುಚ್ಚಿಕೊಂಡು, ರಟ್ಟನ್ನು ಎಡಗೈಗೆ ಬದಲಾಯಿಸಿಕೊಂಡ.